ಸ್ವೀಡನ್‌ನಿಂದ ಬಂದ ಲೋಕಾಯುಕ್ತ: ತಂದದ್ದೇನು, ಬಿಟ್ಟದ್ದೇನು?

ಲೋಕಾಯುಕ್ತ ಅಂದ ಕೂಡಲೇ ನಮಗೆ ನೆನಪಾಗುವುದು ದಾಳಿ. ಬೆಳ್ಳಂಬೆಳಿಗ್ಗೆ ಅಧಿಕಾರಿಯ ಮನೆ ಬಾಗಿಲು ತಟ್ಟುವ ಪೊಲೀಸರು, ಟಿವಿಯಲ್ಲಿ ಮೇಜಿನ ಮೇಲೆ ಹರಡಿದ ಚಿನ್ನ, ನೋಟಿನ ಕಂತೆ. ಈ ಹುದ್ದೆ ಹುಟ್ಟಿದ್ದು ಮಾತ್ರ ದೂರದ ಸ್ವೀಡನ್‌ನಲ್ಲಿ, ಮುನ್ನೂರು ವರ್ಷಗಳ ಹಿಂದೆ, ಬೇರೆಯದೇ ಕೆಲಸಕ್ಕೆ.

1709ರಲ್ಲಿ ಪೊಲ್ಟಾವಾ ಯುದ್ಧದಲ್ಲಿ ರಷ್ಯಾಕ್ಕೆ ಸೋತ ಸ್ವೀಡನ್ ದೊರೆ ಹನ್ನೆರಡನೇ ಚಾರ್ಲ್ಸ್ ತುರ್ಕರ ಸೀಮೆಗೆ ಓಡಿಹೋದ. ಅಲ್ಲೇ ವರ್ಷಗಟ್ಟಲೆ ಉಳಿದ. ಇತ್ತ ಅವನ ನಾಡಿನ ಅಧಿಕಾರಿಗಳಿಗೆ ಹೇಳುವವರಿಲ್ಲ, ಕೇಳುವವರಿಲ್ಲ. 1713ರಲ್ಲಿ ದೊರೆ ಅಲ್ಲಿಂದಲೇ ಆದೇಶ ಕಳಿಸಿ, ಅವರ ಮೇಲೆ ಕಣ್ಣಿಡಲು ಒಬ್ಬನನ್ನು ನೇಮಿಸಿದ. ಅವನೇ ಒಂಬುಡ್ಸ್‌ಮನ್, ಅಂದರೆ ಪ್ರತಿನಿಧಿ. ಆಗ ಅವನು ದೊರೆಯ ಪ್ರತಿನಿಧಿ. 1809ರ ಹೊಸ ಸಂವಿಧಾನದಲ್ಲಿ ಸಂಸತ್ತು ತಾನೇ ಆರಿಸುವ ಒಂಬುಡ್ಸ್‌ಮನ್‌ನನ್ನು ಪಡೆದುಕೊಂಡಿತು. ನನ್ನ ಪ್ರಕಾರ ಇಡೀ ಕತೆಯಲ್ಲಿ ಇದೇ ದೊಡ್ಡ ತಿರುವು. ಕಾವಲಿಗೆ ನಿಂತವನು ಯಾರ ಮನುಷ್ಯ ಅನ್ನುವುದು ಅವತ್ತು ಬದಲಾಯಿತು.

ನೂರು ವರ್ಷ ಈ ಪದ್ಧತಿ ಸ್ವೀಡನ್ ದಾಟಲಿಲ್ಲ. 1919ರಲ್ಲಿ ಫಿನ್ಲೆಂಡ್ ಸಂವಿಧಾನಕ್ಕೆ ಸೇರಿತು. ಡೆನ್ಮಾರ್ಕ್ 1955ರಲ್ಲಿ ಕಾನೂನಿನ ಪ್ರಾಧ್ಯಾಪಕ ಸ್ಟೆಫಾನ್ ಹುರ್ವಿಟ್ಸ್ ಅವರನ್ನು ಈ ಹುದ್ದೆಯಲ್ಲಿ ಕೂರಿಸಿತು. ಆದರೆ ಡೆನ್ಮಾರ್ಕ್‌ನವರು ಸ್ವೀಡನ್‌ನದ್ದನ್ನು ಇದ್ದ ಹಾಗೇ ಎತ್ತಿಕೊಳ್ಳಲಿಲ್ಲ. ಸ್ವೀಡನ್‌ನಲ್ಲಿ ತಪ್ಪು ಮಾಡಿದ ಅಧಿಕಾರಿಯನ್ನು ಒಂಬುಡ್ಸ್‌ಮನ್ ಕೋರ್ಟಿಗೂ ಎಳೆಯಬಹುದು. ಡೆನ್ಮಾರ್ಕ್‌ನಲ್ಲಿ ಒತ್ತು ಬಿದ್ದದ್ದು ಸಾದಾ ಕೆಲಸದ ಮೇಲೆ: ದೂರು ಬಂತಾ, ಫೈಲು ತರಿಸು, ಓದು, ತಪ್ಪಿದ್ದರೆ ಬಾಯಿಬಿಟ್ಟು ಹೇಳು. ನೋಡಲು ಇದು ಹಲ್ಲಿಲ್ಲದ ಹಾವು. ಆದರೂ ಕೆಲಸ ಆಗುತ್ತಿತ್ತು, ಯಾಕೆಂದರೆ ಆ ಮಾತು ಸಂಸತ್ತಿಗೂ ಪತ್ರಿಕೆಗಳಿಗೂ ಹೋಗುತ್ತಿತ್ತು.

ಮುಂದಿನ ಹೆಜ್ಜೆ ನಮ್ಮ ಪಕ್ಕದಲ್ಲೇ ಬಿತ್ತು. 1959ರಲ್ಲಿ ಶ್ರೀಲಂಕಾದ ಕ್ಯಾಂಡಿಯಲ್ಲಿ ವಿಶ್ವಸಂಸ್ಥೆ ಒಂದು ವಿಚಾರಗೋಷ್ಠಿ ನಡೆಸಿತು. ಅಧಿಕಾರಿಗಳ ಅಧಿಕಾರಕ್ಕೆ ಲಗಾಮು ಹೇಗೆ ಅನ್ನುವುದೇ ವಿಷಯ. ಹುರ್ವಿಟ್ಸ್ ಬರೆದ ಪ್ರಬಂಧ ಅಲ್ಲಿತ್ತು. ನ್ಯೂಜಿಲೆಂಡ್‌ನವರು ಅದನ್ನು ಮನಸ್ಸಿಟ್ಟು ಓದಿದರು. 1962ರಲ್ಲಿ ಅಲ್ಲಿ ಕಾನೂನೇ ಬಂತು. ಐದು ವರ್ಷಕ್ಕೆ ಬ್ರಿಟನ್‌ಗೂ ಬಂತು. ಆದರೆ ಅಲ್ಲಿ ಜನ ನೇರವಾಗಿ ದೂರು ಕೊಡುವಂತಿಲ್ಲ, ತಮ್ಮ ಸಂಸದರ ಮೂಲಕವೇ ಹೋಗಬೇಕು.

ನಮ್ಮಲ್ಲಿ ಲೋಕಪಾಲ ಎಂಬ ಹೆಸರು ಕೊಟ್ಟವರು ಆಗ ಸಂಸದರಾಗಿದ್ದ ಎಲ್.ಎಂ. ಸಿಂಘ್ವಿ, 1963ರಲ್ಲಿ. ಮೊರಾರ್ಜಿ ದೇಸಾಯಿ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗ ಇಂಥ ದೇಶಗಳ ಅನುಭವ ನೋಡಿ, 1966ರಲ್ಲಿ ಕೇಂದ್ರಕ್ಕೆ ಲೋಕಪಾಲ, ರಾಜ್ಯಗಳಿಗೆ ಲೋಕಾಯುಕ್ತ ಬೇಕು ಎಂದಿತು. ಕೇಂದ್ರದ ಕಾನೂನು ಆಗಲು 2013 ಬರಬೇಕಾಯಿತು. ಮಹಾರಾಷ್ಟ್ರ 1971ರಲ್ಲೇ ಕಾನೂನು ಮಾಡಿತ್ತು. ಕರ್ನಾಟಕ 1984ರಲ್ಲಿ, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ ಮಾಡಿತು.

ಕರ್ನಾಟಕ ಇದಕ್ಕೆ ಒಂದು ಪೊಲೀಸ್ ವಿಭಾಗವನ್ನೇ ಜೋಡಿಸಿತು. ನೋಟಿಗೆ ಫಿನಾಫ್ತಲೀನ್ ಪುಡಿ ಸವರಿ ಕಳಿಸುವುದು, ಲಂಚ ಮುಟ್ಟಿದವನ ಬೆರಳನ್ನು ಸೋಡಾ ದ್ರಾವಣದಲ್ಲಿ ಅದ್ದಿಸುವುದು, ನೀರು ಗುಲಾಬಿ ಬಣ್ಣಕ್ಕೆ ತಿರುಗುವುದು, ಇದೆಲ್ಲ ಡೆನ್ಮಾರ್ಕ್‌ನ ಒಂಬುಡ್ಸ್‌ಮನ್ ಕೆಲಸವೇ ಅಲ್ಲ. ನಮಗೆ ಅದು ಬೇಕಿತ್ತು. ಲೋಕಾಯುಕ್ತರಾಗಿದ್ದ ಎನ್. ವೆಂಕಟಾಚಲ ಅವರು ಹೇಳದೆ ಕೇಳದೆ ಆಸ್ಪತ್ರೆ, ಕಚೇರಿಗಳಿಗೆ ಹೋಗಿ ನಿಂತಾಗ ಜನಕ್ಕೆ ಧೈರ್ಯ ಬಂತು. ಮುಂದೆ ಲೋಕಾಯುಕ್ತರಾದ ಸಂತೋಷ್ ಹೆಗ್ಡೆ ಅವರ 2011ರ ಜುಲೈನ ಅಕ್ರಮ ಗಣಿ ವರದಿ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಎಂದು ಲೆಕ್ಕ ಕೊಟ್ಟಿತು. ಆ ತಿಂಗಳ ಕೊನೆಗೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. 2016ರಲ್ಲಿ ಸರ್ಕಾರ ಲಂಚದ ಪ್ರಕರಣಗಳನ್ನು ಲೋಕಾಯುಕ್ತ ಪೊಲೀಸರಿಂದ ಕಿತ್ತು ಎಸಿಬಿಗೆ, ಅಂದರೆ ಹೊಸದಾಗಿ ಕಟ್ಟಿದ ಭ್ರಷ್ಟಾಚಾರ ನಿಗ್ರಹ ದಳಕ್ಕೆ ಕೊಟ್ಟಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿ ಅಧಿಕಾರ ವಾಪಸ್ ಕೊಡಿಸಿತು.

ಯಾರ ಮನುಷ್ಯ ಅನ್ನುವ ಪ್ರಶ್ನೆ ಮಾತ್ರ ಇಲ್ಲಿ ಹಾಗೇ ಉಳಿದಿದೆ. ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಸಂಸತ್ತು ಆರಿಸುತ್ತದೆ. ನಮ್ಮಲ್ಲಿ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಯನ್ನೂ ವಿರೋಧ ಪಕ್ಷದ ನಾಯಕರನ್ನೂ ಕೇಳಬೇಕು, ಆದರೆ ಕೊನೆಯ ಮಾತು ಮುಖ್ಯಮಂತ್ರಿಯದ್ದು. 2013ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹಾಗೇ ಹೇಳಿತು.

ಇನ್ನೊಂದು ನೋವು ನನ್ನ ಮನೆಯದ್ದೇ. ನಮ್ಮ ದೊಡ್ಡಮ್ಮನ ವಿಧವಾ ವೇತನ ಏಳು ತಿಂಗಳಿಂದ ನಿಂತಿದೆ. ಆಧಾರ್‌ನಲ್ಲಿ ಅವರ ಹೆಸರಿನ ಕೊನೆಗೆ ‘ಅಮ್ಮ’ ಇದೆ, ಪಾಸ್‌ಬುಕ್‌ನಲ್ಲಿ ಇಲ್ಲ. ಅಷ್ಟೇ. ಯಾರೂ ಲಂಚ ಕೇಳಿಲ್ಲ. ‘ಮುಂದಿನ ವಾರ ಬನ್ನಿ ಅಮ್ಮ’ ಅಂತಾರೆ, ಅದೂ ಮರ್ಯಾದೆಯಿಂದಲೇ. ಇಲ್ಲಿ ಯಾರ ಬೆರಳನ್ನು ಅದ್ದಿಸುವುದು? ಹುರ್ವಿಟ್ಸ್ ಕೂತಿದ್ದು ಇಂಥ ದೂರು ಓದಲಿಕ್ಕೇ ಅಲ್ವಾ? ನಮ್ಮ 1984ರ ಕಾನೂನಿನಲ್ಲೂ ಲಂಚದ ಆಪಾದನೆ ಬೇರೆ, ಕುಂದುಕೊರತೆ ಬೇರೆ ಎಂದು ಎರಡಕ್ಕೂ ಜಾಗ ಇದೆ. ಆದರೆ ಆ ಎರಡನೆಯದು ಎಷ್ಟು ಜನಕ್ಕೆ ಗೊತ್ತು?

ಗೊತ್ತಾದರೂ ದಾರಿ ಸುಲಭ ಇಲ್ಲ. ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಅಫಿಡವಿಟ್. ಸ್ವೀಡನ್‌ನಲ್ಲಿ ಯಾರು ಬೇಕಾದರೂ ಬರೆದು ಕಳಿಸಬಹುದು. ಆ ದೇಶದ ಪ್ರಜೆ ಆಗಿರಬೇಕಿಲ್ಲ, ತನಗೇ ಅನ್ಯಾಯ ಆಗಿರಬೇಕು ಅಂತಲೂ ಇಲ್ಲ. ದೊಡ್ಡಮ್ಮ ಅಫಿಡವಿಟ್ ಅಂದ ಕೂಡಲೇ ‘ಕೋರ್ಟು ಗೀರ್ಟು ಬೇಡ ಮಗಾ’ ಅಂದುಬಿಟ್ಟರು. ಕುಂದುಕೊರತೆಯ ದೂರಿಗಾದರೂ ಈ ಅಫಿಡವಿಟ್ ತೆಗೆಯಬೇಕು. ಲೋಕಾಯುಕ್ತದವರು ತಾಲ್ಲೂಕುಗಳಲ್ಲಿ ಅಹವಾಲು ಸಭೆ ನಡೆಸುತ್ತಾರೆ. ನಮ್ಮ ತಾಲ್ಲೂಕಿನಲ್ಲಿ ಮುಂದಿನ ಸಭೆಗೆ ದೊಡ್ಡಮ್ಮನನ್ನು ಕರೆದುಕೊಂಡು ಹೋಗುತ್ತೇನೆ. ಆಧಾರ್, ಪಾಸ್‌ಬುಕ್ ಎರಡನ್ನೂ ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ.