ಟಿಸಿ ಅಟ್ ಬಾಕ್ಸ್ ಅಂತ ಮಾತ್ರ ಬಂದ್ರೆ ಲೆಕ್ಕ ಎಲ್ಲೂ ಹೋಗಿಲ್ಲ

ಡಿಸೆಂಬರ್ ಅಂದ್ರೆ ಚಿಕ್ಕಮಗಳೂರು ಕಡೆ ಅರೇಬಿಕಾ ಕೊಯ್ಲು. ಸಂಜೆ ಆಯ್ತು ಅಂದ್ರೆ ಗೋದಾಮಿನ ಮುಂದೆ ಆಳುಗಳು ಹಣ್ಣಿನ ಚೀಲ ಇಟ್ಕೊಂಡು ಸಾಲು ನಿಂತಿರ್ತಾರೆ, ತೂಕ ಹಾಕಿ ಅವರವರ ಹೆಸರಿನ ಮುಂದೆ ಕೆಜಿ ಹತ್ತಿಸ್ಬೇಕು, ಅದ್ರ ಮೇಲೇ ಕೂಲಿ. ಅಂಥ ಹೊತ್ತಲ್ಲೇ ಆಲ್ದೂರು ಕಡೆ ತೋಟದ ರೈಟ್ರು ಫೋನ್ ಮಾಡಿದ್ರು, ಕಂಪ್ಯೂಟರ್ ಸ್ಕ್ರೀನ್ ಪೂರ್ತಿ ಕಪ್ಪಾಗಿದೆ ಸಾರ್, 'ಟಿಸಿ ಅಟ್ ಬಾಕ್ಸ್' ಅಂತ ಒಂದು ಸಾಲು, ಕೊನೇಲಿ ಡಾಲರ್ ಗುರುತು, ಒಂದು ತಿಂಗಳ ಲೆಕ್ಕ ಎಲ್ಲ ಹೋಯ್ತು ಅಂತ. ನಾನು ಕೇಳಿದ್ದು ಒಂದೇ, ಮಿಷನ್‌ಗೆ ಹೊಸದಾಗಿ ಏನಾದ್ರೂ ಚುಚ್ಚಿದ್ದೀರಾ? ಫೋಟೋ ಹಾಕ್ಕೊಳ್ಳೋಕೆ ಇನ್ನೊಂದು ಪೆನ್‌ಡ್ರೈವ್ ಹಾಕಿದ್ರಂತೆ. ಅದನ್ನ ತೆಗೆದು ಆಫ್ ಮಾಡಿ ಆನ್ ಮಾಡಿ ಅಂದೆ. ಲೆಕ್ಕ ಇದ್ದಲ್ಲೇ ಇತ್ತು.

ಅದು ಟೈನಿ ಕೋರ್ ಲಿನಕ್ಸ್ ಅನ್ನೋ ಪುಟ್ಟ ಆಪರೇಟಿಂಗ್ ಸಿಸ್ಟಮ್ ಹಾಕಿರೋ 512 ಎಂಬಿ ರ್‍ಯಾಮ್‌ನ ಹಳೇ ಮಿಷನ್, ಸಿಸ್ಟಮ್ ಇರೋದು ಹಿಂದೆ ಚುಚ್ಚಿರೋ ಒಂದು ಪೆನ್‌ಡ್ರೈವ್‌ನಲ್ಲಿ. ಡೆಸ್ಕ್‌ಟಾಪ್ ಸಮೇತ ಓಡೋಕೆ ಇದಕ್ಕೆ ಕನಿಷ್ಠ 46 ಎಂಬಿ ರ್‍ಯಾಮ್ ಸಾಕು, 128 ಇದ್ರೆ ಆರಾಮ. ಮಲೆನಾಡಲ್ಲಿ ಕರೆಂಟು ಯಾವಾಗ ಬೇಕಾದ್ರೂ ಹೋಗುತ್ತೆ, ಇದರ ಮೂಲ ಸಿಸ್ಟಮ್ ಪ್ರತಿ ಸಲ ಪೂರ್ತಿ ರ್‍ಯಾಮ್‌ಗೆ ಬಂದು ಕೂತ್ಕೊಳ್ಳೋದ್ರಿಂದ ದಿಢೀರ್ ಆಫ್ ಆದ್ರೂ ಅದರ ಮೂಲ ಫೈಲ್ ಕೆಡಲ್ಲ, ಅದಕ್ಕೇ ತೋಟದ ಆಫೀಸುಗಳಿಗೆ ನಾನು ಇದನ್ನೇ ಹಾಕಿಕೊಡೋದು.

ಆದ್ರೆ ಇದು ಏಳೋದು ಎರಡು ಹಂತದಲ್ಲಿ, ಅದು ಗೊತ್ತಿಲ್ದಿದ್ರೆ ಸುಮ್ನೆ ಗಾಬರಿ. ಮೊದಲು ಕರ್ನಲ್ (ಸಿಸ್ಟಮ್‌ನ ತಿರುಳು) ಮತ್ತೆ ಕೋರ್.ಜಿಝಡ್ ಅನ್ನೋ ಫೈಲು ರ್‍ಯಾಮ್‌ಗೆ ಬರುತ್ತೆ. ಇಷ್ಟಾದ್ರೆ ಆ ಡಾಲರ್ ಗುರುತಿನವರೆಗೂ ಬಂದ್ಬಿಡುತ್ತೆ, ಅಂದ್ರೆ ಅರ್ಧ ಕೆಲಸ ಆಗಿದೆ ಅಂತ. ಆಮೇಲೆ ಟಿಸಿಇ ಅನ್ನೋ ಫೋಲ್ಡರ್ ಹುಡುಕುತ್ತೆ, ಡೆಸ್ಕ್‌ಟಾಪ್, ಪ್ರೋಗ್ರಾಮು, ಮೈಡೇಟಾ.ಟಿಜಿಝಡ್ ಅನ್ನೋ ಬ್ಯಾಕಪ್ಪು ಎಲ್ಲ ಇರೋದು ಅಲ್ಲಿ. ರೈಟ್ರ ಮಿಷನ್‌ನಲ್ಲಿ ಬೂಟ್ ಸಾಲಿನಲ್ಲಿ, ಅಂದ್ರೆ ಏಳುವಾಗ ಸಿಸ್ಟಮ್ ಓದೋ ಸೂಚನೆಯ ಸಾಲಿನಲ್ಲಿ, ಟಿಸಿಇ=ಎಸ್‌ಡಿಎ1 ಅಂತಿತ್ತು, ಅಂದ್ರೆ ಮೊದಲು ಕಂಡ ಡ್ರೈವ್‌ನ ಮೊದಲ ಭಾಗದಲ್ಲಿ (ಪಾರ್ಟಿಷನ್) ಹುಡುಕು ಅಂತ. ಎರಡನೇ ಪೆನ್‌ಡ್ರೈವ್ ಹಾಕಿದಾಗ ಕರ್ನಲ್ ಅದನ್ನ ಮೊದಲು ಕಂಡು ಎಸ್‌ಡಿಎ ಅಂತ ಹೆಸರು ಕೊಡ್ತು, ನಮ್ಮ ಡ್ರೈವ್ ಎಸ್‌ಡಿಬಿ ಆಯ್ತು, ಹುಡುಕೋದು ಮಾತ್ರ ಹಳೇ ವಿಳಾಸದಲ್ಲೇ.

ಹಂಗಾಗಿ ಎಸ್‌ಡಿಎ, ಎಸ್‌ಡಿಬಿ ಅಂತ ಬರೀಲೇಬೇಡಿ. ಬಿಎಲ್‌ಕೆಐಡಿ ಅಂತ ಕಮಾಂಡ್ ಕೊಟ್ರೆ ಪಾರ್ಟಿಷನ್ನಿನ ಯುಯುಐಡಿ, ಅಂದ್ರೆ ಡ್ರೈವ್ ಹೆಸರು ಬದಲಾದ್ರೂ ಬದಲಾಗದ ಗುರುತಿನ ನಂಬರ್ ಸಿಗುತ್ತೆ, ಅದನ್ನೇ ಹಾಕಿ. ಜೊತೆಗೆ ವೇಟ್‌ಯುಎಸ್‌ಬಿ=10 ಅಂತ ಸೇರಿಸಿ, ಯಾಕಂದ್ರೆ ಹಳೇ ಮಿಷನ್‌ಗಳಲ್ಲಿ ಪೆನ್‌ಡ್ರೈವ್ ಎಚ್ಚರ ಆಗೋ ಮೊದ್ಲೇ ಸಿಸ್ಟಮ್ ಹುಡುಕಿ ಮುಗಿಸಿರುತ್ತೆ, ಹತ್ತು ಸೆಕೆಂಡ್ ಕಾಯಿಸಿದ್ರೆ ಸಿಕ್ಕುತ್ತೆ. 'ಒಂದು ಸಲ ಬರುತ್ತೆ ಒಂದು ಸಲ ಬರಲ್ಲ' ಅಂತ ಯಾರಾದ್ರೂ ಹೇಳಿದ್ರೆ ನಾನು ಮೊದಲು ನೋಡೋದು ಇದನ್ನೇ.

ಇನ್ನು ಕೆಲವು ಸಲ ಟಿಸಿಇ ಸಿಕ್ಕಿದ್ರೂ ಮಧ್ಯದಲ್ಲಿ ನಿಂತ್ಕೊಳ್ಳುತ್ತೆ. ಆಗ ಅದೇ ಬೂಟ್ ಸಾಲಿನಲ್ಲಿ ಷೋಆಪ್ಸ್ ಅಂತ ಕೊಟ್ರೆ ಪ್ರೋಗ್ರಾಮುಗಳ ಪೊಟ್ಟಣಗಳು, ಅಂದ್ರೆ ಎಕ್ಸ್‌ಟೆನ್ಷನ್‌ಗಳು ಒಂದೊಂದಾಗಿ ಹೆಸರು ತೋರಿಸ್ತಾ ಲೋಡ್ ಆಗ್ತವೆ, ಯಾವುದರ ಹತ್ರ ನಿಂತ್ತೋ ಅದನ್ನ, ಏಳುವಾಗ ಲೋಡ್ ಆಗೋದರ ಪಟ್ಟಿ ಇರೋ ಆನ್‌ಬೂಟ್.ಎಲ್‌ಎಸ್‌ಟಿ ಫೈಲಿನಿಂದ ತೆಗೀರಿ. ಅಲ್ಲೂ ಗೊತ್ತಾಗ್ಲಿಲ್ವಾ, ಬೇಸ್ ಅಂತ ಕೊಡಿ, ಎಕ್ಸ್‌ಟೆನ್ಷನ್ ಯಾವುದೂ ಇಲ್ದೆ ಏಳುತ್ತೆ. ಬ್ಯಾಕಪ್ಪೇ ಕೆಟ್ಟಿದೆ ಅನ್ಸಿದ್ರೆ ನೋರಿಸ್ಟೋರ್, ಬ್ಯಾಕಪ್ಪನ್ನ ವಾಪಸ್ ತರದೆ ಏಳುತ್ತೆ.

ಈ ನೋರಿಸ್ಟೋರ್ ವಿಷಯ ಗಟ್ಟಿಯಾಗಿ ಹೇಳ್ತೀನಿ. ತುಂಬಾ ವರ್ಷದ ಹಿಂದೆ ಹಾಸನದ ಒಂದು ಅಂಗಡೀಲಿ ನೋರಿಸ್ಟೋರ್ ಕೊಟ್ಟು ಏಳಿಸಿ, ಸರಿ ಮಾಡಿ, ಕೈ ಅಭ್ಯಾಸಕ್ಕೆ ಬ್ಯಾಕಪ್ ಕೊಟ್ಬಿಟ್ಟೆ. ಖಾಲಿ ಹೋಮ್ ಫೋಲ್ಡರ್ ಹೋಗಿ ಹಳೇ ಮೈಡೇಟಾ ಮೇಲೆ ಕೂತ್ಕೊಳ್ತು. ಅಂಗಡಿ ಅಮ್ಮ ಮೂರು ವಾರದ ಬಿಲ್ಲುಗಳನ್ನ ಕಾರ್ಬನ್ ಪುಸ್ತಕ ನೋಡ್ಕೊಂಡು ಮತ್ತೆ ಟೈಪ್ ಮಾಡಿದ್ರು, ಪಕ್ಕದಲ್ಲಿ ಕೂತು ನಾನೂ ಅಂಕಿ ಓದಿ ಹೇಳ್ದೆ. ಅವತ್ತಿಂದ ಬೇರೆ ಏನು ಮುಟ್ಟೋಕೂ ಮುಂಚೆ ಮೈಡೇಟಾ ಫೈಲನ್ನ ನನ್ನ ಪೆನ್‌ಡ್ರೈವ್‌ಗೆ ಕಾಪಿ ಮಾಡ್ಕೊಳ್ತೀನಿ, ಮತ್ತೆ ಲೆಕ್ಕದ ಫೈಲನ್ನ ಯಾವ ಮಿಷನ್‌ನಲ್ಲೂ ಮೈಡೇಟಾದೊಳಗೆ ಇಡಲ್ಲ, ನೇರ ಪಾರ್ಟಿಷನ್ ಮೇಲೇ ಇಡ್ತೀನಿ.

ಡಾಲರ್ ಗುರುತಿಗೂ ಬರದೆ ಕರ್ನಲ್ ಪ್ಯಾನಿಕ್ ಅಂತ ನಿಂತ್ರೆ ಕೋರ್.ಜಿಝಡ್ ಅರ್ಧಂಬರ್ಧ ಕಾಪಿ ಆಗಿರಬಹುದು, ಸಿಂಕ್ (ಬರೆಯೋದನ್ನ ಪೂರ್ತಿ ಮುಗಿಸೋ ಕಮಾಂಡ್) ಕೊಡದೆ ಪೆನ್‌ಡ್ರೈವ್ ಕಿತ್ತಿರ್ತಾರೆ, ಫೈಲಿನ ಎಂಡಿ5 (ಪರೀಕ್ಷೆ ಸಂಖ್ಯೆ) ತಾಳೆ ನೋಡಿದ್ರೆ ಗೊತ್ತಾಗುತ್ತೆ. ಅದು ಸರಿ ಇದ್ರೆ ರ್‍ಯಾಮ್ ಕಡೆ ನೋಡಿ. ಮೂಲ ಸಿಸ್ಟಮ್ ಎಲ್ಲ ರ್‍ಯಾಮ್‌ನಲ್ಲೇ ಇರೋದ್ರಿಂದ ಅದರಲ್ಲಿ ಸಣ್ಣ ದೋಷ ಇದ್ರೂ ಇಲ್ಲಿ ಬೇಗ ಕಾಣಿಸುತ್ತೆ. ಜುಲೈ ಆಗಸ್ಟ್‌ನ ಥಂಡಿಗೆ ರ್‍ಯಾಮ್ ಕಡ್ಡಿಯ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಮಂಕು ಕಟ್ಟುತ್ತೆ, ಪೆನ್ಸಿಲ್ ರಬ್ಬರಿಂದ ಮೆತ್ತಗೆ ಉಜ್ಜಿ ಹಾಕಿದ್ರೆ ಎಷ್ಟೋ ಮಿಷನ್ ಎದ್ದಿವೆ, ಏಳದಿದ್ರೆ ರ್‍ಯಾಮ್ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್ ಹಾಕಿ ಒಂದು ರಾತ್ರಿ ಬಿಡಿ. ಪೆನ್‌ಡ್ರೈವನ್ನೇ ನೋಡ್ತಿಲ್ಲ, ಗಡಿಯಾರನೂ ಹಿಂದಕ್ಕೆ ಹೋಗಿದೆ ಅಂದ್ರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತು ಬೂಟ್ ಆರ್ಡರ್ (ಯಾವ ಡ್ರೈವ್‌ನಿಂದ ಏಳಬೇಕು ಅನ್ನೋದು) ಮರೆತಿರುತ್ತೆ, ಹೊಸ ಸೆಲ್ ಹಾಕಿ ಆರ್ಡರ್ ಮತ್ತೆ ಸೆಟ್ ಮಾಡಿ.

ಆಲ್ದೂರಿನ ಆ ಮಿಷನ್‌ಗೆ ಮುಂದಿನ ಭಾನುವಾರ ಹೋಗಿ ಯುಯುಐಡಿ ಹಾಕಿ ಬಂದೆ. ರೈಟ್ರೇ ಎರಡು ಪೆನ್‌ಡ್ರೈವ್ ಚುಚ್ಚಿ ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ರು, ನಾಲ್ಕೂ ಸಲ ತೂಕದ ಪಟ್ಟಿ ನೆಟ್ಟಗೆ ಬಂತು.