ಮಣ್ಣಿನ ಗೋಡೆ ಮಳೆಗೆ ಕರಗಲ್ವಾ? ಇನ್ನೊಂದು ಸಲ ಹೇಳುತ್ತೇನೆ, ಕೇಳಿ

ಪ್ರಶ್ನೆ: ನಮ್ಮೂರಿನವರೆಲ್ಲ ಸೇರಿ ಒಂದು ಸಣ್ಣ ಗ್ರಂಥಾಲಯ ಕಟ್ಟಬೇಕು ಅಂದುಕೊಂಡಿದ್ದೇವೆ. ದಿಮ್ಮಸು ಹೊಡೆದು ಕಟ್ಟುವ ಮಣ್ಣಿನ ಗೋಡೆ, ಅದೇ ರ‍್ಯಾಮ್ಡ್ ಅರ್ತ್ ಅಂತಾರಲ್ಲ, ಅದು ಆಗಬಹುದಾ? ಮಳೆಗೆ ಕರಗಿ ಹೋಗಲ್ವಾ?

ಆಗಬಹುದು. ಕರಗಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನೀವು ನಂಬುವುದಿಲ್ಲ ಅಂತ ಗೊತ್ತು. ಈ ಪ್ರಶ್ನೆ ನನಗೆ ತಿಂಗಳಿಗೆ ನಾಲ್ಕು ಸಲ ಬರುತ್ತದೆ, ಜೂನ್‌ನಲ್ಲಿ ಹತ್ತು ಸಲ. ಕೇಳುವವರಲ್ಲಿ ಅರ್ಧ ಜನ ಹುಟ್ಟಿ ಬೆಳೆದದ್ದೇ ಮಣ್ಣಿನ ಮನೆಯಲ್ಲಿ. ಅದೇ ನನಗೆ ಸೋಜಿಗ.

ಮೊದಲು ಕೆಲಸದ ಮಾತು ಮುಗಿಸಿಬಿಡುತ್ತೇನೆ. ಮೇಲ್ಪದರದ ಬೇರು, ಗೊಬ್ಬರ ಇರುವ ಮಣ್ಣು ಬೇಡ, ಅದರ ಕೆಳಗಿನದು ಬೇಕು. ಮರಳು, ಸಣ್ಣ ಕಲ್ಲು ಜಾಸ್ತಿ ಇರಲಿ, ಜೇಡಿ ಕಡಿಮೆ ಇರಲಿ. ಎರೆಮಣ್ಣಂತೂ ಬೇಡವೇ ಬೇಡ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ನೀರು ಚಿಮುಕಿಸಿ ಕಲಸಿ, ಒಂದು ಉಂಡೆ ಕಟ್ಟಿ, ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ. ಪುಡಿಪುಡಿಯಾದರೆ ನೀರು ಸಾಲದು. ಸಗಣಿ ಮುದ್ದೆಯ ಹಾಗೆ ಚಪ್ಪಟೆಯಾಗಿ ಕೂತರೆ ನೀರು ಜಾಸ್ತಿಯಾಯಿತು. ನಾಲ್ಕೈದು ತುಂಡಾದರೆ ಹದ ಬಂತು. ಆ ಮಣ್ಣನ್ನು ಎರಡು ಹಲಗೆಗಳ ನಡುವೆ ಒಂದು ಸಲಕ್ಕೆ 12ರಿಂದ 15 ಸೆಂ.ಮೀ. ಮಾತ್ರ ಸುರಿದು ದಿಮ್ಮಸು ಹೊಡೆಯಬೇಕು. ಮೊದಲು ದೊಪ್ ದೊಪ್ ಅನ್ನುತ್ತದೆ. ಸದ್ದು ಬದಲಾಗಿ ಠಣ್ ಅಂದಾಗ ಮುಂದಿನ ಪದರ. ಅಷ್ಟೇ.

ಈಗ ಮಳೆಗೆ ಬರೋಣ.

ನೀವೆಲ್ಲ ಮಣ್ಣಿನ ಗೋಡೆ ಅಂದ ತಕ್ಷಣ ಕೆಸರನ್ನು ನೆನೆಸಿಕೊಳ್ಳುತ್ತೀರಿ. ಇದು ಕೆಸರಲ್ಲ. ಇದರಲ್ಲಿ ನೀರು ಇರುವುದೇ ನೂರಕ್ಕೆ ಹತ್ತರ ಆಸುಪಾಸು. ಹೊಡೆದು ಮುಗಿಸಿದ ಮೇಲೆ ಒಂದು ಘನ ಮೀಟರ್ ಸುಮಾರು ಎರಡು ಟನ್ ತೂಗುತ್ತದೆ. ಅಂಥ ಗೋಡೆಗೆ ಎರಚಲು ಹೊಡೆದರೆ ಮೈಮೇಲಿನ ನುಣುಪು ಜೇಡಿ ಸ್ವಲ್ಪ ತೊಳೆದು ಹೋಗುತ್ತದೆ, ನಿಜ. ಆಮೇಲೆ ಒಳಗಿನ ಕಲ್ಲುಹರಳು ಹೊರಗೆ ಕಾಣಿಸಿಕೊಳ್ಳುತ್ತವೆ. ಮುಂದಿನ ಮಳೆ ತಾಗುವುದು ಆ ಹರಳುಗಳಿಗೆ. ಸವೆತ ತಾನಾಗಿಯೇ ನಿಧಾನವಾಗುತ್ತದೆ. ಆಸ್ಟ್ರಿಯಾದಲ್ಲಿ ಮಣ್ಣಿನ ಕಟ್ಟಡಗಳನ್ನೇ ಕಟ್ಟುವ ಮಾರ್ಟಿನ್ ರೌಖ್ ಅನ್ನುವವರು ಶ್ಲಿನ್ಸ್ ಎಂಬ ಊರಿನಲ್ಲಿ ತಮಗೇ ಕಟ್ಟಿಕೊಂಡ ಮನೆಯಲ್ಲಿ ಈ ಸವೆತವನ್ನು ಮೊದಲೇ ಲೆಕ್ಕ ಹಾಕಿದ್ದಾರೆ. ಗೋಡೆಯ ಮೈಗೆ ಅಡ್ಡಡ್ಡ ಸಾಲುಗಳಲ್ಲಿ ಸುಟ್ಟ ಜೇಡಿಮಣ್ಣಿನ ಪಟ್ಟಿಗಳನ್ನು ಸ್ವಲ್ಪ ಹೊರಚಾಚಿ ಕೂರಿಸಿದ್ದಾರೆ. ಇಳಿಯುವ ನೀರಿನ ಓಟ ಅಲ್ಲಲ್ಲೇ ಮುರಿಯುತ್ತದೆ.

ಹಾಗಾದರೆ ಮಣ್ಣಿನ ಮನೆಗಳು ಬೀಳುವುದನ್ನು ನಾವು ಕಣ್ಣಾರೆ ನೋಡಿದ್ದೇವಲ್ಲ ಅಂತೀರಿ. ನಾನೂ ನೋಡಿದ್ದೇನೆ. ಮಲೆನಾಡಿನಲ್ಲಿ ನಮ್ಮ ಅಜ್ಜಿ ಮನೆಯ ಪಕ್ಕದ ಮನೆ ಮೂರು ತಲೆಮಾರು ನಿಂತಿತ್ತು. ಅಲ್ಲಿನ ಮಳೆ ಎಂಥದ್ದು ಅಂತ ಹೇಳಬೇಕಾಗಿಲ್ಲ. ಮಕ್ಕಳೆಲ್ಲ ಪೇಟೆ ಸೇರಿದರು. ಹಿತ್ತಲ ಕಡೆ ಎರಡು ಹಂಚು ಒಡೆದವು, ಯಾರೂ ಬದಲಾಯಿಸಲಿಲ್ಲ. ಮೂರನೇ ಮಳೆಗಾಲಕ್ಕೆ ಆ ಮೂಲೆ ಕುಸಿಯಿತು. ಊರೆಲ್ಲ ಹೇಳಿದ್ದು ಒಂದೇ ಮಾತು, "ಮಣ್ಣಿನ ಮನೆ ಅಲ್ವಾ, ಇನ್ನೆಷ್ಟು ದಿನ ಬಂದೀತು." ಹಂಚಿನ ಸುದ್ದಿ ಒಬ್ಬರೂ ಎತ್ತಲಿಲ್ಲ!

ಮಣ್ಣಿನ ಗೋಡೆಯನ್ನು ಕೊಲ್ಲುವುದು ಮೈಮೇಲೆ ಬೀಳುವ ಮಳೆಯಲ್ಲ. ತಲೆಯಿಂದ ಒಳಗಿಳಿಯುವ ನೀರು, ಬುಡದಲ್ಲಿ ನಿಂತು ಮೇಲೇರುವ ನೀರು, ಇವೆರಡು. ತಲೆಗೆ ಗೊರಬು ಹಾಕಿ, ಕಾಲನ್ನು ಕಲ್ಲಿನ ಮೇಲಿಡಿ. ಸೂರು ಎರಡೂವರೆ ಮೂರು ಅಡಿ ಮುಂದಕ್ಕೆ ಬರಲಿ, ಕಲ್ಲಿನ ತಳಪಾಯ ನೆಲದಿಂದ ಒಂದೂವರೆ ಅಡಿಯಾದರೂ ಮೇಲೇಳಲಿ. ಚೀನಾದ ಫುಜಿಯಾನ್‌ನಲ್ಲಿ ತುಲೌ ಎಂಬ ದೊಡ್ಡ ದೊಡ್ಡ ಮನೆಗಳಿವೆ. ಒಂದೊಂದರಲ್ಲೂ ಒಂದು ಇಡೀ ಕುಲವೇ ಇರುತ್ತಿತ್ತು. ಚಂಡಮಾರುತ ಬಡಿಯುವ ಆ ಸೀಮೆಯಲ್ಲಿ 1709ರ ಚೆಂಗ್‌ಚಿ ಲೌ ಇವತ್ತಿಗೂ ನಿಂತಿದೆ. ಹೊರಗೋಡೆ ದಿಮ್ಮಸು ಹೊಡೆದ ಮಣ್ಣು, ಕೆಳಗೆ ಕಲ್ಲು, ಮೇಲೆ ಅಗಲವಾದ ಸೂರು. ಅದರಲ್ಲಿ ಬೇರೆ ಗುಟ್ಟೇನಿಲ್ಲ.

"ಸುಮ್ನೆ ಒಂದು ಸಿಮೆಂಟ್ ಪ್ಲಾಸ್ಟರ್ ಮಾಡಿಸಿಬಿಟ್ಟರೆ?" ಮಾಡಿಸಬೇಡಿ. ಕೈ ಮುಗಿಯುತ್ತೇನೆ, ಮಾಡಿಸಬೇಡಿ. ಮಣ್ಣು ಹೀರಿದ ತೇವವನ್ನು ಹೊರಗೆ ಬಿಡಬೇಕು. ಪ್ಲಾಸ್ಟರ್ ಅದನ್ನು ಒಳಗೇ ಕೂಡಿಹಾಕುತ್ತದೆ. ಕೆಲವು ವರ್ಷದಲ್ಲಿ ಪ್ಲಾಸ್ಟರ್ ಹಪ್ಪಳದ ಹಾಗೆ ಏಳುತ್ತದೆ, ಹಿಂದಿನ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ. ಆಗ ಮತ್ತೆ ಬೈಗುಳ ಮಣ್ಣಿಗೇ. ಸಿಮೆಂಟ್ ಬೇಕೇ ಬೇಕು ಅನ್ನಿಸಿದರೆ ಮಣ್ಣಿನೊಳಗೇ ನೂರಕ್ಕೆ ಐದರಿಂದ ಎಂಟರಷ್ಟು ಬೆರೆಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಮಣ್ಣಿನ ಕಟ್ಟಡದ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಸೂರು ಕೊಡಲಾಗದ ಗೋಡೆಗೆ, ಉದಾಹರಣೆಗೆ ಕಾಂಪೌಂಡಿಗೆ, ಹೀಗೆ ಸಿಮೆಂಟ್ ಬೆರೆಸುವುದು ಒಳ್ಳೆಯದು. ಸೂರಿರುವ ಗ್ರಂಥಾಲಯಕ್ಕೆ ಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ಸಿಮೆಂಟ್ ಬೆರೆತ ಮಣ್ಣನ್ನು ನಾಳೆ ಒಡೆದು, ನೀರು ಹಾಕಿ, ಮತ್ತೆ ಗೋಡೆ ಮಾಡಲಾಗುವುದಿಲ್ಲ.

ಊರವರೇ ಸೇರಿ ಕಟ್ಟಿದರೆ ಅಗ್ಗವಾಗುತ್ತಾ ಅಂತ ನೀವು ಕೇಳಿಲ್ಲ. ಆದರೆ ಮನಸ್ಸಿನಲ್ಲಿ ಇದೆ ಅಂತ ನನಗೆ ಗೊತ್ತು. ಆಗಲ್ಲ, ಅಥವಾ ನೀವು ಅಂದುಕೊಂಡಷ್ಟು ಆಗಲ್ಲ. ಮಣ್ಣು ಪುಕ್ಕಟೆ, ಹಲಗೆ ಪುಕ್ಕಟೆಯಲ್ಲ. ಹದ ಗೊತ್ತಿರುವ ಒಬ್ಬ ಮೇಸ್ತ್ರಿ ದಿನಾ ನಿಂತಿರಬೇಕು, ಅವರಿಗೆ ಕೂಲಿ ಕೊಡಬೇಕು. ಮೂವತ್ತು ಜನಕ್ಕೆ ಊಟ ಹಾಕಬೇಕು. ಮೊದಲ ಭಾನುವಾರ ಮೂವತ್ತು ಜನ ಬರುತ್ತಾರೆ, ನಾಲ್ಕನೆಯದಕ್ಕೆ ಏಳು.

ಮತ್ತೆ ಯಾಕೆ? ಬರ್ಲಿನ್ನಿನ ಕಥೆ ಹೇಳುತ್ತೇನೆ. ಅಲ್ಲಿ 1894ರ ಒಂದು ಚರ್ಚು 1961ರಲ್ಲಿ ಬರ್ಲಿನ್ ಗೋಡೆ ಎದ್ದಾಗ ಗಡಿಯ ಪಟ್ಟಿಯೊಳಗೆ ಸಿಕ್ಕಿಹಾಕಿಕೊಂಡಿತು. 1985ರಲ್ಲಿ ಪೂರ್ವ ಜರ್ಮನಿ ಸರ್ಕಾರ ಅದನ್ನು ಸಿಡಿಸಿಬಿಟ್ಟಿತು. ಗೋಡೆ ಬಿದ್ದ ಮೇಲೆ ಅದೇ ಜಾಗದಲ್ಲಿ ಹೊಸ ಪ್ರಾರ್ಥನಾ ಮಂದಿರ ಕಟ್ಟುವಾಗ ಅಲ್ಲಿನ ಸಭೆಯವರಿಗೆ ಕಾಂಕ್ರೀಟ್ ಬೇಡವಾಗಿತ್ತು. ಅಷ್ಟು ವರ್ಷ ಕಾಂಕ್ರೀಟ್ ಗೋಡೆ ನೋಡಿ ಸಾಕಾಗಿತ್ತು ಅವರಿಗೆ. ಮೇಲೆ ಹೇಳಿದ ರೌಖ್ ಅವರ ಉಸ್ತುವಾರಿಯಲ್ಲಿ, ಬೇರೆ ಬೇರೆ ದೇಶಗಳಿಂದ ಬಂದ ಸ್ವಯಂಸೇವಕರೂ ಕೈ ಹಾಕಿ, ಏಳು ಮೀಟರಿಗೂ ಎತ್ತರದ, 60 ಸೆಂ.ಮೀ. ದಪ್ಪದ ಮಣ್ಣಿನ ಗೋಡೆ ಎಬ್ಬಿಸಿದರು. ಹಳೇ ಚರ್ಚಿನ ಇಟ್ಟಿಗೆ ಚೂರುಗಳನ್ನೂ ಆ ಮಣ್ಣಿಗೇ ಬೆರೆಸಿದರು. 2000ದ ನವೆಂಬರ್ 9ರಂದು ಬಾಗಿಲು ತೆರೆಯಿತು. ಸಿಮೆಂಟ್ ಇಲ್ಲ. ಮಳೆಗೆ ಏನು ಮಾಡಿದರು ಗೊತ್ತಾ? ಮೇಲೆ ಚಾವಣಿ, ಸುತ್ತ ಮರದ ಪಟ್ಟಿಗಳ ಹೊರಮೈ. ನಮ್ಮ ಕಡೆ ಮಳೆಗಾಲಕ್ಕೆ ಸೋಗೆ ತಟ್ಟಿ ಕಟ್ಟುವುದಿಲ್ಲವಾ, ಅದೇ.

ನೀವು ಕಟ್ಟುವುದಾದರೆ ಇನ್ನೊಂದು ಮಾತು. ಗೋಡೆ ಮುಗಿದ ದಿನ ಅದೇ ಮಣ್ಣನ್ನು ನಾಲ್ಕು ಚೀಲ ತುಂಬಿ ಒಣ ಜಾಗದಲ್ಲಿಡಿ. ಮುಂದೆ ಮೂಲೆ ತರಚಿದಾಗ ತೇಪೆಗೆ ಅದೇ ಬಣ್ಣದ ಮಣ್ಣು ಬೇಕಾಗುತ್ತದೆ. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ 'ಗೋಡೆ ಮಣ್ಣು' ಅಂತ ಬರೆಯಿರಿ. ಇಲ್ಲದಿದ್ದರೆ ಯಾರಾದರೂ ಗುಲಾಬಿ ಕುಂಡಕ್ಕೆ ಸುರಿದುಬಿಡುತ್ತಾರೆ. ನಮ್ಮಲ್ಲಿ ಹಾಗೇ ಆಯಿತು.