ಬೋರ್ಡಿನಲ್ಲಿ ಹೆಸರಿದೆ, ಕೆಲಸ ಎಲ್ಲಿ?

ಹಾಲಿನ ಡೈರಿಗಳ ಆಡಿಟ್‌ಗೆ ಹೋದಾಗ ಪುಸ್ತಕ ತೆಗೆಯುವ ಮೊದಲೇ ಒಂದು ಮಾತು ಕೇಳುತ್ತೇನೆ. "ಸಂಜೆ ನಗದು ಎಣಿಸೋರು ಯಾರು?" ಅರಕಲಗೂಡು ಕಡೆಯ ಒಂದು ಸಂಘದಲ್ಲಿ ಹೀಗೆ ಕೇಳಿದಾಗ ಕಾರ್ಯದರ್ಶಿ ಹಾಲು ಪರೀಕ್ಷಕರ ಮುಖ ನೋಡಿದರು, ಅವರು ಸಹಾಯಕರ ಮುಖ ನೋಡಿದರು, ಸಹಾಯಕರು "ನಾನು ಕ್ಯಾನ್ ತೊಳೆಯೋನು ಸಾರ್" ಎಂದರು. ಊರಿನವರಿಗೆ ಮಾರಿದ ಹಾಲು ಮತ್ತು ಪರೀಕ್ಷೆಗೆ ತೆಗೆದ ಸ್ಯಾಂಪಲ್ ಹಾಲಿನ ದುಡ್ಡು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ನಗದು ಪುಸ್ತಕದಲ್ಲಿ 11 ದಿನದಿಂದ ಆ ಬಾಬ್ತೇ ಇಲ್ಲ. ಯಾರೂ ಕದ್ದಿರಲಿಲ್ಲ. ಬರೆಯೋದು ಇನ್ನೊಬ್ಬರ ಕೆಲಸ ಅಂತ ಮೂವರೂ ನಂಬಿದ್ದರು.

ಗೋಡೆಯ ಮೇಲೆ ದೊಡ್ಡ ಬೋರ್ಡ್ ಇತ್ತು. ಅಧ್ಯಕ್ಷರಿಂದ ಹಿಡಿದು ಎಲ್ಲರ ಹೆಸರು, ಹುದ್ದೆ. ಯಾರು ಏನು ಮಾಡುತ್ತಾರೆ ಅನ್ನೋದು ಮಾತ್ರ ಇಲ್ಲ.

ಯಾರ ಕೆಲಸ ಏನು ಅಂತ ಬರೆದು ಪ್ರಕಟಿಸೋದು ಸರ್ಕಾರಿ ಕಚೇರಿಗಳಿಗೆ ಕಾನೂನೇ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ 17 ವಿಷಯಗಳನ್ನು ಯಾರೂ ಅರ್ಜಿ ಹಾಕದಿದ್ದರೂ ಪ್ರಕಟಿಸಬೇಕು, ಅದರಲ್ಲಿ ಎರಡನೆಯದೇ ಅಧಿಕಾರಿ, ನೌಕರರ ಅಧಿಕಾರ ಮತ್ತು ಕರ್ತವ್ಯ. ಸಹಕಾರ ಸಂಘ ಅಂದ ಮಾತ್ರಕ್ಕೆ ಈ ಕಾಯ್ದೆಯೊಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಸರ್ಕಾರದ ಗಣನೀಯ ಹಣವೋ ಹಿಡಿತವೋ ಇರಬೇಕು. ಇದನ್ನೇ ಹಿಡಿದುಕೊಂಡು "ನಮಗೆ ಬೇಕಿಲ್ಲ ಬಿಡಿ" ಅನ್ನುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ಹಾಲು ಹಾಕೋರೇ ಸಂಘದ ಯಜಮಾನರು, ಅಲ್ವಾ?

ಈ ಕೆಲಸಗಳ ಪಟ್ಟಿ ಬರೆಯುವಾಗ "ಲೆಕ್ಕಪತ್ರ ನಿರ್ವಹಣೆ" ಅಂತ ಸುಮ್ನೆ ಬರೆಯಬೇಡಿ. ಅದರಿಂದ ಯಾರಿಗೂ ಏನೂ ಗೊತ್ತಾಗೋದಿಲ್ಲ. "ಸ್ಥಳೀಯ ಮಾರಾಟದ ಹಣವನ್ನು ದಿನಾ ಸಂಜೆ ಹಾಲು ಅಳೆದ ಮೇಲೆ ಎಣಿಸಿ ನಗದು ಪುಸ್ತಕಕ್ಕೆ ಬರೆಯುವುದು" ಅಂತ ಬರೆಯಿರಿ, ಪಕ್ಕದಲ್ಲಿ ಹೆಸರು, ಅವರು ರಜೆ ಹಾಕಿದರೆ ಯಾರು ಅನ್ನೋದೂ ಇರಲಿ. ದುಡ್ಡು ಈಸಿಕೊಳ್ಳುವವರೇ ಅದನ್ನು ತಾಳೆ ನೋಡುವವರೂ ಆಗಬಾರದು. ಚಿಕ್ಕ ಸಂಘಗಳಲ್ಲಿ ಜಾಸ್ತಿ ತಪ್ಪಾಗೋದು ಇಲ್ಲೇ, ಜನ ಕಮ್ಮಿ ಇದ್ದರೆ ವಾರಕ್ಕೊಮ್ಮೆ ಒಬ್ಬ ನಿರ್ದೇಶಕರಾದರೂ ಬಂದು ಎಣಿಸಿ ಸಹಿ ಹಾಕಲಿ.

ಆಮೇಲೆ ಸರ್ವ ಸದಸ್ಯರ ಸಭೆಯಲ್ಲಿ ಅವರವರ ಕೆಲಸವನ್ನು ಅವರವರೇ ಎದ್ದು ನಿಂತು ಓದಬೇಕು. ಆ ಸಂಘದಲ್ಲಿ ಹಾಗೇ ಮಾಡಿದರು. ಸಹಾಯಕರು ಓದುವಾಗ ಕಾಗದ ಹಿಡಿದ ಕೈ ನಡುಗುತ್ತಿತ್ತು, ಆದರೆ ಪೂರ್ತಿ ಓದಿದರು. ಎಲ್ಲ ಮುಗಿದ ಮೇಲೆ ಹಿಂದೆ ಕೂತಿದ್ದ ಅಜ್ಜಿಯೊಬ್ಬರು "ಹಂಗಾರೆ ನಂಗೆ ಫ್ಯಾಟ್ ಎಷ್ಟು ಬಂತು ಅಂತ ಹೇಳೋರು ಯಾರಪ್ಪ?" ಎಂದರು. ಫ್ಯಾಟ್ ಅಂದರೆ ಹಾಲಿನ ಕೊಬ್ಬಿನ ಅಂಶ, ಅದನ್ನು ಹೇಳುವ ಕೆಲಸ ಪಟ್ಟಿಯಲ್ಲಿ ಇರಲಿಲ್ಲ. ಹಾಲು ಪರೀಕ್ಷಕರು ಅಲ್ಲೇ ಪೆನ್ನು ಈಸಿಕೊಂಡು ಕೊನೆಗೆ ಇನ್ನೊಂದು ಸಾಲು ಸೇರಿಸಿ, ಮುಂದೆ ತಮ್ಮ ಹೆಸರು ಬರೆದರು.